ಮ್ಯಾಂಡೊಲಿನ್ನಿನ ಒಂದು ನೂಲು

ಹೋದ ತಿಂಗಳು ಹೊಲಿಗೆ ಮಷೀನಿನ ಬೆಲ್ಟು ತರಲೆಂದು ಬಳ್ಳಾರಿಯ ಕೌಲ್ ಬಜಾರಿಗೆ ಹೋಗಿದ್ದೆ. ಒಂದು ಓಣಿಯ ಬಾಯಲ್ಲಿ ಮರವಜ್ರ ಕುದಿಯುವ ವಾಸನೆ ಬಂತು. ಮರವಜ್ರ ಎಂದರೆ ಬಡಗಿಗಳ ಹಳೆಯ ಅಂಟು. ದನದ ಚರ್ಮ, ಮೂಳೆ ಬೇಯಿಸಿ ಮಾಡಿದ್ದು. ಬೆಲ್ಲದ ಬಣ್ಣದ ಚೂರುಗಳಾಗಿ ಸಿಗುತ್ತದೆ, ನೀರಿಗೆ ಹಾಕಿ ಕಾಯಿಸಿದರೆ ಕರಗುತ್ತದೆ. ಈಗ ಎಲ್ಲರೂ ಪ್ಲಾಸ್ಟಿಕ್ ಡಬ್ಬಿಯ ಬಿಳಿ ಅಂಟು ಹಚ್ಚುತ್ತಾರೆ, ಅದಕ್ಕೆ ಇಂಥ ನಾತವಿಲ್ಲ. ದಾರಿಯಲ್ಲಿ ಹೋಗುವವರು ಮೂಗಿಗೆ ಕರ್ಚೀಫು ಹಿಡಿದುಕೊಂಡು ದಾಟುತ್ತಿದ್ದರು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ಒಳಗೆ ಯಾರೋ ಹಳೆಯ ಕುರ್ಚಿಗೆ ಕಾಲು ಕೂಡಿಸುತ್ತಿದ್ದವರು ಏನು ಬೇಕೆಂದು ಕೇಳಿದರು. ಏನೂ ಬೇಡವೆಂದು ಹೇಳಿ ಮನೆಗೆ ಬಂದೆ. ಬೆಲ್ಟು ತರುವುದು ಮರೆತೇ ಹೋಗಿತ್ತು.

ಆ ವಾಸನೆಗೂ ನನಗೂ ಒಂದೇ ಒಂದು ವರ್ಷದ ನಂಟು. ಆ ಯುಗಾದಿಗೆ ಸಿರುಗುಪ್ಪದ ಮನೆಗೆ ಬೀಗ ಹಾಕಿ ಗಂಡ ಹೆಂಡತಿ ಇಬ್ಬರೂ ಬಳ್ಳಾರಿಗೆ ಬಂದೆವು. ನಮ್ಮವರ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಅದು ಮುಗಿದ ಮೇಲೆ ಬಸ್ಸು ಹತ್ತುವಷ್ಟು ತ್ರಾಣ ಅವರಲ್ಲಿ ಉಳಿಯುತ್ತಿರಲಿಲ್ಲ. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದೆವು. ಕಿಟಕಿ ತೆರೆದರೆ ಎದುರಿಗೇ ಕೋಟೆ ಗುಡ್ಡ. ಹಗಲೆಲ್ಲ ಕಾದ ಆ ಬಂಡೆಯ ಝಳ ಸಂಜೆ ನಮ್ಮ ಕೋಣೆಗೇ ಬಂದು ಕೂತುಕೊಳ್ಳುತ್ತಿತ್ತು. ನಾನು ಜೀನ್ಸ್ ಯೂನಿಟ್ಟಿನಿಂದ ಪ್ಯಾಂಟಿನ ಜೇಬುಗಳನ್ನು ತಂದು ಕೋಣೆಯಲ್ಲೇ ಹೊಲಿದು ಕೊಡುತ್ತಿದ್ದೆ. ಸಿರುಗುಪ್ಪದಿಂದ ಹೊತ್ತು ತಂದದ್ದು ನಾಲ್ಕು ಪಾತ್ರೆ, ನನ್ನ ಮಷೀನು, ಅವರ ಮ್ಯಾಂಡೊಲಿನ್ನು. ಅದನ್ನು ನೋಡಿದ ಮನೆಯ ಓನರಮ್ಮ, ಆಸ್ಪತ್ರೆಗೆ ಬಂದವರು ವಾಲಗವನ್ನೂ ಜೊತೆಗೆ ತಂದಿದ್ದಾರೆಂದು ಅಕ್ಕಪಕ್ಕದವರ ಮುಂದೆ ಆಡಿಕೊಂಡಳು.

ಆ ಮ್ಯಾಂಡೊಲಿನ್ ಮಾಡಿದವರು ಕುರುಗೋಡಿನ ಮೌನಾಚಾರಿ. ಬಾಗಿಲು, ಮಂಚ, ತೊಟ್ಟಿಲು ಮಾಡುವುದು ಅವರ ಮನೆತನದ ಕಸುಬು. ಹರೆಯದಲ್ಲಿ ಯಾರದೋ ಮದುವೆಯಲ್ಲಿ ಆರ್ಕೆಸ್ಟ್ರಾದವನ ಕೈಯಲ್ಲಿದ್ದ ಕಲ್ಕತ್ತೆಯ ಮ್ಯಾಂಡೊಲಿನ್ ನೋಡಿ ಹುಚ್ಚು ಹಿಡಿಸಿಕೊಂಡರಂತೆ. ಅದನ್ನು ಕೇಳಿ ಪಡೆದು, ಅಳತೆ ತೆಗೆದುಕೊಂಡು, ತಾವೇ ಮಾಡತೊಡಗಿದರು. ಎಲ್ಲ ಸೇರಿ ಹತ್ತು ಹನ್ನೆರಡು ಮಾಡಿರಬಹುದು. ಆಮೇಲೆ ಊರೂರಿಗೆ ಕೀಬೋರ್ಡು ಬಂತು, ಮ್ಯಾಂಡೊಲಿನ್ ಕೇಳುವವರೇ ಇಲ್ಲವಾದರು, ಆಚಾರ್ರು ಬಾಗಿಲಿನ ಕೆಲಸಕ್ಕೆ ಮರಳಿದರು. ಈಗ ಹಳೆಯ ವಾದ್ಯಗಳನ್ನು ಕೂಡಿಡುವ ಮಂದಿ ಎಲ್ಲೆಲ್ಲಿಂದಲೋ ನನಗೆ ಫೋನ್ ಮಾಡಿ ಫೋಟೋ ಕೇಳುತ್ತಾರೆ. ಕಳಿಸುತ್ತೇನೆ. ಕೊಡುವ ಮಾತು ಬಂದರೆ ಫೋನ್ ಇಡುತ್ತೇನೆ.

ನಮ್ಮದಕ್ಕೆ ಮರ ಒದಗಿಸಿದವರು ನಮ್ಮವರೇ. ಆಗ ಅವರು ದೇಶನೂರಿನ ಹುಡುಗ, ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಆಗಷ್ಟೇ ಫಿಟ್ಟರ್ ಆಗಿ ಸೇರಿದ್ದರು. ಮಿಲ್ಲಿಗೆ ಹೊರದೇಶದ ಮಷೀನು ಬಂದಾಗ ಅದರ ಪೆಟ್ಟಿಗೆಯ ಪೈನ್ ಹಲಗೆಗಳನ್ನು, ಹಮಾಲರು ಒಲೆಗೆ ಒಯ್ಯುವ ಮೊದಲೇ ಎತ್ತಿಟ್ಟು, ಬಸ್ಸಿನ ಮೇಲೆ ಹಾಕಿಕೊಂಡು ಕುರುಗೋಡಿಗೆ ಒಯ್ದಿದ್ದರು. ವಾದ್ಯದ ಮುಖಕ್ಕೆ ಆ ಹಲಗೆ. ಬೆನ್ನಿಗೆ, ಯಾರದೋ ಮಂಚ ಮಾಡಿ ಉಳಿದಿದ್ದ ಬೀಟೆ. ತಂತಿಗಳ ಬುಡ ಸಿಕ್ಕಿಸುವ ತಗಡು ಹಿತ್ತಾಳೆ ತಂಬಿಗೆಯನ್ನು ಕತ್ತರಿಸಿದ್ದು. ಮೇಲುಗಡೆ ತಂತಿಗಳು ಹಾದುಹೋಗುವ ಸಣ್ಣ ಪಟ್ಟಿ ಎತ್ತಿನ ಕೊಂಬಿನದು. ತೂತಿನೊಳಗೆ ಒಂದು ಪುಟ್ಟ ಕನ್ನಡಿ ಬಿಟ್ಟು ನೋಡಿದರೆ ಹಲಗೆಯ ಒಳಮೈಯಲ್ಲಿ ಪೆಟ್ಟಿಗೆಯ ಮೇಲಿದ್ದ ಕಪ್ಪು ಗುರುತು ಈಗಲೂ ಕಾಣುತ್ತದೆ. ಒಡೆಯುವ ಸಾಮಾನು, ಜೋಪಾನ ಎಂದು ಹೇಳುವ ಗಾಜಿನ ಲೋಟದ ಚಿತ್ರ. ಮುಖದ ಬಿಳಿ ಮರ ವರ್ಷಗಳು ಕಳೆದಂತೆ ಹಳೆಯ ತುಪ್ಪದ ಬಣ್ಣಕ್ಕೆ ತಿರುಗಿದೆ. ನಮ್ಮವರ ಮೊಣಕೈ ಊರುತ್ತಿದ್ದ ಕಡೆ ಪಾಲಿಶ್ ಹೋಗಿ ಮರ ಬೆತ್ತಲಾಗಿದೆ. ನಮ್ಮತ್ತೆ ಇರುವಷ್ಟು ದಿನ, ದನದ ಅಂಟು ಹಚ್ಚಿದ ವಾದ್ಯವೆಂದು ಅದನ್ನು ದೇವರ ಕೋಣೆಯ ಹೊಸ್ತಿಲು ದಾಟಿಸಲಿಲ್ಲ. ಆಯುಧಪೂಜೆಯ ವಿಭೂತಿಯೂ ಪಡಸಾಲೆಯಲ್ಲೇ ಆಗುತ್ತಿತ್ತು.

ಇಷ್ಟೆಲ್ಲ ಚೆಂದದ ವಾದ್ಯಕ್ಕೆ ಒಂದು ಊನವಿತ್ತು. ಬೆರಳಿಡದೆ ಬರೀ ತಂತಿ ಮೀಟಿದರೆ ಒಂದು ಸ್ವರ, ಬೆರಳೊತ್ತಿ ಅದೇ ಸ್ವರವನ್ನು ಪಕ್ಕದ ತಂತಿಯಲ್ಲಿ ಹಿಡಿದರೆ ಕೂದಲೆಳೆಯಷ್ಟು ಮೇಲೆ. ತಂತಿಗಳನ್ನು ಹೊತ್ತು ನಿಲ್ಲುವ ಕೆಳಗಿನ ಕುದುರೆಯನ್ನು ಎಷ್ಟು ಸರಿಸಿದರೂ ಅದು ಹೋಗುತ್ತಿರಲಿಲ್ಲ. ನಮ್ಮವರು ವರ್ಷಗಟ್ಟಲೆ ಅದನ್ನು ತಮ್ಮ ಬೆರಳಿನ ತಪ್ಪೆಂದೇ ನಂಬಿದ್ದರು. ಖಾಲಿ ತಂತಿಯನ್ನು ಮೀಟುವುದನ್ನೇ ಬಿಟ್ಟು, ಎಲ್ಲ ಸ್ವರಗಳನ್ನೂ ಒತ್ತಿಯೇ ನುಡಿಸುವುದನ್ನು ರೂಢಿ ಮಾಡಿಕೊಂಡಿದ್ದರು. ಅದಕ್ಕೆ ಕಿರುಬೆರಳನ್ನು ಎಲ್ಲಿಂದೆಲ್ಲಿಗೋ ಎಳೆಯಬೇಕಾಗುತ್ತಿತ್ತು. ಮದುವೆಗಳಲ್ಲಿ ನುಡಿಸಿ ಬಂದಾಗಲೆಲ್ಲ ಆ ಬೆರಳಿಗೆ ನಾನೇ ಎಣ್ಣೆ ತಿಕ್ಕುತ್ತಿದ್ದೆ.

ಊನ ಬೆರಳಿನದಲ್ಲ ಎಂದು ಪತ್ತೆ ಹಚ್ಚಿದವನು ಬಾದನಹಟ್ಟಿಯ ವೀರೇಶಿ. ನಮ್ಮವರ ಆರ್ಕೆಸ್ಟ್ರಾ ಗೆಳೆಯ, ಹೊಲ ಮಾಡಿಕೊಂಡಿದ್ದವನು. ಅವನ ಹತ್ತಿರವೂ ಆಚಾರ್ರು ಮಾಡಿದ ಮ್ಯಾಂಡೊಲಿನ್ ಇತ್ತು. ನಾವು ಬಳ್ಳಾರಿಗೆ ಬಂದ ಹೊಸದರಲ್ಲಿ ತನ್ನದನ್ನೂ ಎತ್ತಿಕೊಂಡು ನೋಡಲು ಬಂದವನು, ಸ್ವರ ತೋರಿಸುವ ಆಪ್ ಹಾಕಿಕೊಂಡ ಫೋನನ್ನು ನಮ್ಮವರ ಹಾಸಿಗೆಯ ಮೇಲಿಟ್ಟು ಎರಡೂ ವಾದ್ಯಗಳನ್ನು ಮೀಟಿಸಿದ. ಫೋನಿನ ಮುಳ್ಳು ಎರಡಕ್ಕೂ ಒಂದೇ ಕಡೆ, ಒಂದೇ ಅಳತೆಯಲ್ಲಿ ವಾಲಿತು. ಇಬ್ಬರೂ ಮುಖ ಮುಖ ನೋಡಿಕೊಂಡರು. ನಮ್ಮವರು ತಮ್ಮ ಕಿರುಬೆರಳನ್ನು ನೋಡಿಕೊಂಡು ನಕ್ಕದ್ದು ನನಗೆ ಚೆನ್ನಾಗಿ ನೆನಪಿದೆ. ಅವರು ಅಳುತ್ತಾರೇನೋ ಅಂದುಕೊಂಡಿದ್ದೆ.

ಡಯಾಲಿಸಿಸ್ ಇಲ್ಲದ ದಿನ ನೋಡಿ ಮೂವರೂ ಕುರುಗೋಡಿಗೆ ಹೋದೆವು. ಆಚಾರ್ರು ಬೇವಿನ ನೆರಳಿಗೆ ಹಲಗೆ ಹಾಕಿಕೊಂಡು ಕೂತಿದ್ದರು. ಕೇಳಿದ್ದಕ್ಕೆ ಒಂದಿಷ್ಟೂ ಮುಜುಗರಪಡಲಿಲ್ಲ.

"ಕಲ್ಕತ್ತಾದ್ದರ ತಂತಿ ಅಳತಿ ಹದಿಮೂರು ಇಂಚಿತ್ರಿ. ಅದಕ್ಕ ಕಾಕಾಯ ಬರತೈತಿ. ಕಾಕಾಯದ ವಸ್ತು ಮಾಡಿ ಮನ್ಯಾಗ ಇಟ್ಕೊಳ್ರಿ ಅಂತ ಹೆಂಗ ಕೊಡ್ಲಿ? ಮ್ಯಾಲೆ ಒಂದು ನೂಲು ಬಿಟ್ಟೆ, ಧ್ವಜಾಯ ಆತು."

ತಿಳಿಯದವರಿಗೆ ಹೇಳಬೇಕು. ನೂಲು ಎಂದರೆ ಇಂಚಿನ ಎಂಟನೆಯ ಒಂದು ಪಾಲು. ಮನೆಯಾಗಲಿ ಮಂಚವಾಗಲಿ, ಅಳತೆಯನ್ನು ನೂಲಿನ ಲೆಕ್ಕಕ್ಕೆ ತಂದು, ಎಂಟರಿಂದ ಭಾಗಿಸಿ ಉಳಿದ ಶೇಷ ನೋಡುತ್ತಾರೆ. ಅದಕ್ಕೆ ಆಯ ಎನ್ನುತ್ತಾರೆ. ಒಂದು ಉಳಿದರೆ ಧ್ವಜಾಯ, ಮನೆಗೆ ಒಳ್ಳೆಯದು. ಏನೂ ಉಳಿಯದಿದ್ದರೆ ಕಾಕಾಯ, ಅಂಥ ವಸ್ತು ಇದ್ದ ಮನೆಯಲ್ಲಿ ಸಾವು. ಆಚಾರ್ರು ಬೆರಳೊತ್ತುವ ಕಡೆಯ ಲೋಹದ ಮೆಟ್ಟಿಲುಗಳನ್ನೆಲ್ಲ ಕಲ್ಕತ್ತೆಯದರಂತೆಯೇ ಇಟ್ಟು, ಮೊದಲ ಮೆಟ್ಟಿಲಿನ ಮೇಲುಗಡೆ ಒಂದು ನೂಲು ಹೆಚ್ಚಿಗೆ ಬಿಟ್ಟಿದ್ದರು. ತೊಟ್ಟಿಲಿಗಾದರೆ ಒಂದು ನೂಲು ಹೆಚ್ಚಾದರೇನು, ಕಡಿಮೆಯಾದರೇನು. ತಂತಿ ಅದನ್ನು ತಡೆಯುವುದಿಲ್ಲ, ಸ್ವರ ತಪ್ಪುತ್ತದೆ. ಮಾಡಿದ ಅಷ್ಟೂ ವಾದ್ಯಗಳನ್ನು ಅವರು ಹೀಗೆ, ಇಟ್ಟುಕೊಂಡವರ ಜೀವಕ್ಕೆ ಒಳ್ಳೆಯದಾಗಲೆಂದು, ಕೆಡಿಸಿ ಕೊಟ್ಟಿದ್ದರು.

ಆ ನೂಲನ್ನು ತೆಗೆಯಿರಿ ಎಂದರೆ ಮೊದಲು ಒಪ್ಪಲಿಲ್ಲ. ನೀವು ತೆಗೆಯದಿದ್ದರೆ ಬಳ್ಳಾರಿಯಲ್ಲಿ ಯಾರಿಂದಲಾದರೂ ಗರಗಸ ಹಾಕಿಸುತ್ತೇನೆಂದು ವೀರೇಶಿ ಹೆದರಿಸಿದ. ತಮ್ಮ ಮಾಲಿಗೆ ಪರರ ಗರಗಸ ಬೀಳುವುದೆಂದರೆ ಆಚಾರ್ರಿಗೆ ಸಹಿಸುವ ಮಾತಲ್ಲ. ಮೊದಲು ವೀರೇಶಿಯದನ್ನು ತೆಗೆದರು. ಬಸವ ಜಯಂತಿಯ ಮರುದಿನ ನಮ್ಮದನ್ನೂ ತೆಗೆದರು. ಕಾಯಿಸಿದ ಚಾಕುವನ್ನು ಸಂದಿಗೆ ಹಿಡಿದಾಗ ಹಳೆಯ ಮರವಜ್ರ ಕರಗಿ ಆ ನಾತ ಎದ್ದಿತು. ನಾನು ಸೆರಗನ್ನು ಬಾಯಿಗೊತ್ತಿಕೊಂಡು ನಿಂತೇ ನೋಡಿದೆ. ಕೊಂಬಿನ ಪಟ್ಟಿ ಎಬ್ಬಿಸಿ, ಅದರ ಕೆಳಗಿನ ಮರದ ತುದಿಯನ್ನು ಸಣ್ಣ ಗರಗಸದಿಂದ ಕೊಯ್ದು, ಪಟ್ಟಿಯನ್ನು ಕೆಳಗೆ ಸರಿಸಿ ಕೂಡಿಸಿದರು. ಕೊಯ್ದ ಚೂರನ್ನು ಎಸೆಯದೆ ಜೇಬಿಗೆ ಹಾಕಿಕೊಂಡರು.

ಆ ಬಸವ ಜಯಂತಿಯಿಂದ ದೀಪಾವಳಿಯವರೆಗೆ ನಮ್ಮ ಕೋಣೆಯಲ್ಲಿ ಸುಖವಿತ್ತು. ಸುಖವೆಂದೇ ಹೇಳುತ್ತೇನೆ, ಯಾರು ಏನಾದರೂ ಅಂದುಕೊಳ್ಳಲಿ. ಕುಡಿಯುವ ನೀರೂ ಲೋಟದಲ್ಲಿ ಅಳೆದು ಕೊಡುತ್ತಿದ್ದ ಕಾಲ, ಉಪ್ಪಿಲ್ಲದ ಅಡಿಗೆಯ ಕಾಲ. ಡಯಾಲಿಸಿಸ್ ಆದ ದಿನ ಹಾಸಿಗೆಯಲ್ಲಿ ಸತ್ತವರಂತೆ ಬಿದ್ದಿರುತ್ತಿದ್ದರು. ಮರುದಿನ ಎದ್ದು, ಗೋಡೆಗೆ ಒರಗಿ, ಒಂದು ಖಾಲಿ ತಂತಿ ಮೀಟುತ್ತಿದ್ದರು. ಪಕ್ಕದ ತಂತಿಯಲ್ಲಿ ಅದೇ ಸ್ವರ ಒತ್ತುತ್ತಿದ್ದರು. ಎರಡೂ ಕೂಡಿ ಒಂದಾಗುತ್ತಿದ್ದವು. ಅದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರು. ಹಾಡು ನುಡಿಸಿ ಎಂದರೆ, ತಡಿ ಗೌರಿ, ಇದನ್ನು ಕೇಳಿ ಇನ್ನೂ ಸಾಕಾಗಿಲ್ಲ ಅನ್ನುತ್ತಿದ್ದರು. ನನಗೆ ಸಂಗೀತ ತಿಳಿಯದು. ಆದರೆ ದಿನವೂ ಎರಡು ಅಂಚು ಸರಿಗೂಡಿಸಿ ಹೊಲಿಯುವವಳು ನಾನು, ಕೂಡಿದ್ದು ಯಾವುದು, ಕೂಡದ್ದು ಯಾವುದು ಎಂಬುದಾದರೂ ತಿಳಿಯುತ್ತದೆ. ಮಷೀನು ನಿಲ್ಲಿಸಿ ನಾನೂ ಕೇಳುತ್ತಿದ್ದೆ. ಅಣಕಿಸಿದ್ದ ಓನರಮ್ಮನೂ ಬಾಗಿಲಲ್ಲಿ ಬಂದು ಕೂರತೊಡಗಿದಳು.

ಶ್ರಾವಣದಲ್ಲಿ ವೀರೇಶಿ ಸತ್ತ. ಗದ್ದೆಗೆ ನೀರು ತಿರುಗಿಸಲು ಹೋದವನು ಕಾಲುವೆಯ ಏರಿಯ ಮೇಲೇ ಎದೆ ಹಿಡಿದುಕೊಂಡು ಕುಸಿದನಂತೆ. ಅವನಿಗೆ ಮೊದಲೂ ಒಮ್ಮೆ ಹಾಗೆ ಆಗಿತ್ತು, ಮಾತ್ರೆ ನುಂಗುತ್ತಿದ್ದ. ಮಣ್ಣಾದ ನಾಲ್ಕೈದು ದಿನಕ್ಕೆ ಆಚಾರ್ರು ಜಿಟಿಜಿಟಿ ಮಳೆಯಲ್ಲಿ ನಮ್ಮ ಕೋಣೆ ಹುಡುಕಿಕೊಂಡು ಬಂದರು. ಹೆಗಲಲ್ಲಿ ಸಾಮಾನಿನ ಚೀಲ. ನೀರು ಬೇಡ, ಚಹಾ ಬೇಡ ಅಂದರು. ಜೇಬಿನಿಂದ ಆ ಮರದ ಚೂರನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ನಮ್ಮವರ ಮುಂದೆ ಕೂತರು.

"ಬಸಣ್ಣ, ಇದನ್ನ ತಿರುಗಿ ಹಚ್ಚಿಬಿಡ್ತೀನಿ. ವೀರೇಶಿನ ನಾನ ಕೈಯಾರೆ ಕಾಕಾಯಕ್ಕ ಇಳಿಸೀನಿ. ನೀನರ ಉಳಕೋ."

ನಮ್ಮವರಿಗೆ ಸಿಟ್ಟು ಬರಲಿಲ್ಲ. ರಕ್ತ ತೊಳೆಯಲು ಅಷ್ಟು ದೊಡ್ಡ ಮಷೀನಿದೆ, ಮ್ಯಾಂಡೊಲಿನ್ನಿಗೆ ಆ ಕೆಲಸ ಯಾಕೆ ಹಚ್ಚುತ್ತೀರಿ ಎಂದು ಚೇಷ್ಟೆ ಮಾಡಿದರು. ಆಚಾರ್ರು ನನ್ನ ಕಡೆ ತಿರುಗಿದರು. ನನಗೆ ಆಯದಲ್ಲಿ ನಂಬಿಕೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆದರೆ ಆಸ್ಪತ್ರೆಯಲ್ಲಿ ನಮ್ಮವರ ಪಕ್ಕದ ಹಾಸಿಗೆಗಳಲ್ಲಿ ಇದ್ದವರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸುತ್ತಿದ್ದರು. ಅವರ ಜಾಗಕ್ಕೆ ಹೊಸಬರು ಬಂದು ಮಲಗುತ್ತಿದ್ದರು. ಅದನ್ನು ವಾರ ವಾರ ನೋಡುತ್ತಿದ್ದವಳಿಗೆ ನಂಬಿಕೆ ಯಾಕೆ ಬೇಕು? ಹಚ್ಚಿಸಿಕೊಳ್ಳಿ, ನಿಮ್ಮ ಗಂಟೇನು ಹೋಗುತ್ತದೆ ಎಂದು ನಾನೂ ದನಿಗೂಡಿಸಿದೆ. ಆಗ ನಮ್ಮವರ ಮುಖ ಗಂಟಿಕ್ಕಿತು.

"ನನಗಿರೋದ ಇದೊಂದು, ಗೌರಿ. ಇದನ್ನೂ ಕಸಗೋಬ್ಯಾಡ."

ಆಚಾರ್ರು ಸಂಜೆಯವರೆಗೂ ಮೆಟ್ಟಿಲ ಮೇಲೆ ಕೂತಿದ್ದು, ಕೊನೆಯ ಬಸ್ಸಿಗೆ ಹೋದರು. ಅವತ್ತು ನಾನು ಉಣ್ಣಲಿಲ್ಲ. ನಮ್ಮವರೂ ಉಣ್ಣಲಿಲ್ಲ. ಮಾರನೆಯ ದಿನ ಡಯಾಲಿಸಿಸ್ ಇದ್ದದ್ದರಿಂದ ಮಾತಾಡಲೇಬೇಕಾಯಿತು.

ದೀಪಾವಳಿಯ ಹೊತ್ತಿಗೆ ಎಡಗೈ ಊದಿಕೊಂಡಿತು. ಡಯಾಲಿಸಿಸ್ಸಿಗೆ ಸೂಜಿ ಚುಚ್ಚಲು ಅನುಕೂಲವಾಗಲೆಂದು ಎಡಗೈಯ ರಕ್ತನಾಳಕ್ಕೆ ಮೊದಲೇ ಆಪರೇಷನ್ ಮಾಡಿದ್ದರು. ಯಾವ ಕೈಯಲ್ಲಿ ಬರೆಯುತ್ತೀರಿ ಎಂದು ಕೇಳಿ, ಬಲಗೈ ಎಂದದ್ದಕ್ಕೆ ಎಡಗೈಯನ್ನು ಆರಿಸಿದ್ದರು. ತಂತಿ ಒತ್ತುವ ಕೈ ಯಾವುದೆಂದು ಕೇಳುವುದು ಯಾರಿಗೂ ಹೊಳೆಯಲಿಲ್ಲ. ಹೇಳುವುದು ನಮಗೂ ಹೊಳೆಯಲಿಲ್ಲ. ಈಗ ಒಳಗೆ ಎಲ್ಲೋ ನಾಳ ಕಟ್ಟಿ, ಭುಜದಿಂದ ಬೆರಳಿನವರೆಗೆ ಕೈ ದಪ್ಪವಾಯಿತು. ಬೆರಳುಗಳನ್ನು ಮಡಿಸಲಾಗದು, ಮುಟ್ಟಿದ್ದು ತಿಳಿಯದು. ಆ ನಾಳ ಬಿಟ್ಟು ಕುತ್ತಿಗೆಗೆ ನಳಿಗೆ ಹಾಕಿದರು. ನಮ್ಮವರು ಮ್ಯಾಂಡೊಲಿನ್ನನ್ನು ತೊಡೆಯ ಮೇಲಿಟ್ಟುಕೊಂಡು ಬಲಗೈಯಿಂದ ಖಾಲಿ ತಂತಿಗಳನ್ನಷ್ಟೇ ಮೀಟುತ್ತಿದ್ದರು.

ಖಾಲಿ ತಂತಿಗೆ ಆ ನೂಲು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇದು ನನಗೆ ಜೇಬು ಹೊಲಿಯುತ್ತ ಕೂತಾಗ ಹೊಳೆಯಿತು. ಅವರಿಗೆ ಹೇಳಿದೆ. ನೀವು ಹೇಗೂ ಒತ್ತುವುದಿಲ್ಲ, ಆ ಮುದುಕರ ಸಮಾಧಾನಕ್ಕಾದರೂ ಹಚ್ಚಿಸಿಕೊಳ್ಳಿ ಅಂದೆ. ನನ್ನ ಸಮಾಧಾನಕ್ಕೆ ಎಂದು ಹೇಳಲಿಲ್ಲ, ಅವರಿಗೆ ಅದು ತಿಳಿದೇ ಇತ್ತು. ಗುಡ್ಡದ ಕಡೆ ಮುಖ ತಿರುಗಿಸಿ, ಕರೆಸು ಅಂದರು.

ಆಚಾರ್ರು ಮರುದಿನವೇ ಬಂದರು. ನಮ್ಮ ಗ್ಯಾಸ್ ಒಲೆಯ ಮೇಲೆಯೇ ಮರವಜ್ರ ಕಾಯಿಸಿದರು. ನಾತ ತಾಳದೆ ಓನರಮ್ಮ ಮೇಲಿನ ಮನೆಯಿಂದಲೇ ಬೈದಳು. ಆರು ತಿಂಗಳು ಜೇಬಿನಲ್ಲಿಟ್ಟುಕೊಂಡಿದ್ದ ಚೂರನ್ನು ಅದರ ಜಾಗದಲ್ಲಿ ಕೂಡಿಸಿ, ಹಗ್ಗ ಬಿಗಿದು, ಅಂಟು ಹಿಡಿಯುವವರೆಗೆ ಪಕ್ಕದಲ್ಲೇ ಕಾದರು. ಹೋಗುವಾಗ ಅವರ ಮುಖ ಎಷ್ಟು ಹಗುರಾಗಿತ್ತೆಂದರೆ, ನಾನೂ ಅವರ ಮಾತನ್ನು ಅರ್ಧ ನಂಬಿದೆ. ಅವತ್ತು ಪಾಯಸ ಮಾಡಿದೆ. ನಮ್ಮವರು ಎರಡು ಚಮಚ ತಿಂದರು.

ಒಂದು ವಾರವಾಗಿರಬೇಕು. ಮಧ್ಯಾಹ್ನ ಮಷೀನಿನ ಮುಂದೆ ಕೂತಿದ್ದ ನನ್ನನ್ನು ಕರೆದು, ನೀನು ಮೀಟು ಅಂದರು. ಯಾವ ತಂತಿ ಎಂದು ತೋರಿಸಿದರು. ನಾನು ಮೀಟಿದೆ. ಅವರು ಬಲಗೈಯನ್ನು ವಾದ್ಯದ ಮೇಲಿಂದ ಅಡ್ಡಹಾಯಿಸಿ, ಮೆಟ್ಟಿಲುಗಳ ನಡುವೆ ಒಂದು ಬೆರಳಿಟ್ಟು ಒತ್ತಿ ಹಿಡಿದರು. ಇನ್ನೊಮ್ಮೆ ಮೀಟು ಅಂದರು. ಒತ್ತಿದ ತಂತಿಯನ್ನೂ ಅದರ ಪಕ್ಕದ ಖಾಲಿ ತಂತಿಯನ್ನೂ ಮೀಟಿದೆ. ಎರಡು ಸ್ವರ ಒಂದಾಗಲಿಲ್ಲ. ನನಗೇ ಅದು ತಿಳಿಯಿತೆಂದ ಮೇಲೆ ಅವರಿಗೆ ಹೇಗಾಗಿರಬೇಕು. ಬೆರಳನ್ನು ಅಲ್ಲೇ ಇಟ್ಟುಕೊಂಡು ಆ ದನಿ ಪೂರಾ ಆರುವವರೆಗೆ ಕೇಳಿದರು. ಆಮೇಲೆ ಬೆರಳು ತೆಗೆದು, "ಇರಲಿ" ಅಂದರು. ಮತ್ತೆ ಮ್ಯಾಂಡೊಲಿನ್ ಕೇಳಲಿಲ್ಲ. ಸಂಕ್ರಾಂತಿಗೆ ಇನ್ನೂ ಕೆಲವು ದಿನ ಇರುವಾಗಲೇ, ಕುತ್ತಿಗೆಯ ನಳಿಗೆಗೆ ನಂಜಾಗಿ, ಜ್ವರ ಏರಿ, ಆಸ್ಪತ್ರೆಯಲ್ಲೇ ಹೋದರು.

ಹಚ್ಚಿಸಿದ್ದು ತಪ್ಪಾಯಿತೆಂದು ನಾನು ಹೇಳುವುದಿಲ್ಲ. ಕಣ್ಣೆದುರು ಗಂಡ ಕರಗುತ್ತಿರುವಾಗ ಯಾವ ಹೆಂಡತಿಯಾದರೂ ಒಂದು ನೂಲಲ್ಲ, ಹತ್ತು ನೂಲು ಹಚ್ಚಿಸಿಯಾಳು. ಆದರೆ ಆಚಾರ್ರ ಮೇಲೆ ಸಿಟ್ಟು ಬಂದಿತ್ತು, ಕುದಿಯುವ ಸಿಟ್ಟು. ಧ್ವಜಾಯವೆಂದು ಹೇಳಿ ನನ್ನ ಗಂಡನ ಕಿವಿಯಿಂದ ಕಡೆಯ ಸುಖವನ್ನೂ ಕಿತ್ತುಕೊಂಡರಲ್ಲ, ಅಷ್ಟಾಗಿ ನಮ್ಮವರೂ ಉಳಿಯಲಿಲ್ಲವಲ್ಲ! ಕಾರ್ಯ ಮುಗಿದ ಮೇಲೆ ಮ್ಯಾಂಡೊಲಿನ್ನನ್ನು ಸೀರೆಯಲ್ಲಿ ಸುತ್ತಿಕೊಂಡು ಕುರುಗೋಡಿನ ಬಸ್ಸು ಹತ್ತಿದೆ. ಆ ನೂಲನ್ನು ಕೊಯ್ದು ತೆಗೆಸಬೇಕು, ಆಯದ ಮಾತೆತ್ತಿದರೆ ಮುಖದ ಮೇಲೆ ಅಂದುಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮೆಣಸಿನಕಾಯಿ ಒಣಹಾಕುವ ಕಾಲ. ರಸ್ತೆಯ ಬದಿಯ ಕಣಗಳೆಲ್ಲ ಕೆಂಪಗಿದ್ದವು, ಘಾಟಿಗೆ ಬಸ್ಸಿನ ತುಂಬ ಕೆಮ್ಮು.

ಆಚಾರ್ರು ಪಡಸಾಲೆಯಲ್ಲಿ ಸುಮ್ಮನೆ ಕೂತಿದ್ದರು. ಅಂಗಳದ ಹಲಗೆಯ ಮೇಲೆ ಬೇವಿನ ಎಲೆಗಳು ಬಿದ್ದು ಒಣಗಿದ್ದವು. ಉಳಿ, ಬಾಚಿ ಯಾವುದೂ ಕಾಣಲಿಲ್ಲ. ತಂಗಿಯ ಮಗನಿಗೆ ಕೊಟ್ಟುಬಿಟ್ಟೆನೆಂದರು. ಒಪ್ಪಿಕೊಂಡಿದ್ದ ಮಂಚದ ಕೆಲಸವನ್ನೂ ಆಗುವುದಿಲ್ಲವೆಂದು ಹೇಳಿ ಕಳಿಸಿದ್ದರಂತೆ. ನಾನು ಸೀರೆ ಬಿಚ್ಚಿ ಮ್ಯಾಂಡೊಲಿನ್ನನ್ನು ಅವರ ಮುಂದಿಟ್ಟು, ಆ ನೂಲನ್ನು ತೆಗೆಯಿರಿ ಅಂದೆ. ಅವರು ಮುಟ್ಟಲಿಲ್ಲ. ಕಾಕಾಯ ಎನ್ನುತ್ತಾರೆಂದು ಕಾದೆ.

"ವೀರೇಶಿದು ತೆಗೆದೆ, ಅವ ಹೋದ. ಬಸಣ್ಣಂದು ಹಚ್ಚಿದೆ, ಅವನೂ ಹೋದ. ತೆಗೆದ್ರೂ ಅಷ್ಟ, ಹಚ್ಚಿದ್ರೂ ಅಷ್ಟ. ಆಯದಾಗ ಏನಿಲ್ಲವ್ವಾ. ದೋಷ ನನ್ನ ಕೈಯಾಗೈತಿ."

ಆಯ ಸುಳ್ಳೆಂದು ಜಗಳವಾಡಲು ಹೋಗಿದ್ದೆ, ಅವರು ನನಗಿಂತ ಮೊದಲೇ ಅದನ್ನು ಬಿಟ್ಟಿದ್ದರು. ಬಿಟ್ಟು, ಅದಕ್ಕಿಂತ ಕೆಟ್ಟದ್ದನ್ನು ಹಿಡಿದು ಕೂತಿದ್ದರು. ವೀರೇಶಿಯ ಎದೆಯ ರೋಗ ಹಳೆಯದು ಎಂದೆ. ನಳಿಗೆಗೆ ನಂಜಾದದ್ದನ್ನು ಡಾಕ್ಟರು ಹೇಳಿದಂತೆಯೇ ಬಿಡಿಸಿ ಹೇಳಿದೆ. ಹೌದವ್ವಾ, ಹೌದವ್ವಾ ಎಂದು ಎಲ್ಲದಕ್ಕೂ ತಲೆಯಾಡಿಸಿದರು. ಕಡೆಗೆ, ಆ ಬೇಸಿಗೆಯಿಂದ ದೀಪಾವಳಿಯವರೆಗೆ ನಮ್ಮವರು ಸುಖವಾಗಿದ್ದರು, ಅದು ನಿಮ್ಮ ಕೈಯಿಂದಲೇ ಆದದ್ದು ಅಂದೆ. ಅದು ಸತ್ಯವಾಗಿತ್ತು, ಅದನ್ನು ಹೇಳುವಾಗ ಅತ್ತುಬಿಟ್ಟೆ. ಖರೇನಾ ಎಂದು ಒಮ್ಮೆ ನನ್ನ ಮುಖ ನೋಡಿದರು. ಖರೇ ಅಂದೆ. ನಂಬಿದರೋ ಇಲ್ಲವೋ ತಿಳಿಯಲಿಲ್ಲ.

ಬಸ್ಸಿಗೆ ಹೊತ್ತಾಗುತ್ತದೆಂದು ಎದ್ದೆ. ಮ್ಯಾಂಡೊಲಿನ್ನನ್ನು ನಾನೇ ಸುತ್ತಿಕೊಂಡೆ. ಕಳಿಸಲು ಅಂಗಳದವರೆಗೆ ಬಂದ ಆಚಾರ್ರು ಕೈಮುಗಿಯಲೆಂದು ಎರಡೂ ಕೈ ಎತ್ತಿದರು. ಅರ್ಧಕ್ಕೆ ಬಂದ ಕೈಗಳನ್ನು ಏನೋ ನೆನಪಾದವರಂತೆ ಇಳಿಸಿ, ಹಿಂದಕ್ಕೆ ಕಟ್ಟಿಕೊಂಡು, ಬರೀ ತಲೆ ಬಗ್ಗಿಸಿದರು.